ರಾತ್ರಿ ಶಿಬಿರಕ್ಕೆ ಗ್ಲೋ ಸ್ಟಿಕ್: ನಾನು ಬಳಸುವ ರೀತಿ

ಮಕ್ಕಳ ರಾತ್ರಿ ಶಿಬಿರ ಅಂದರೆ ನನ್ನ ಚೀಲದಲ್ಲಿ ಗ್ಲೋ ಸ್ಟಿಕ್, ಅಂದರೆ ಬಗ್ಗಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ, ಇದ್ದೇ ಇರುತ್ತದೆ. ಟೆಂಟಿನ ಹಗ್ಗಕ್ಕೊಂದು, ಶೌಚಾಲಯದ ದಾರಿಗೆ ಒಂದೆರಡು, ಪ್ರತಿ ಮಗುವಿನ ಬೆನ್ನಚೀಲಕ್ಕೊಂದು. ಕತ್ತಲಲ್ಲಿ ಯಾರು ಎಲ್ಲಿದ್ದಾರೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಬ್ಯಾಟರಿ ಬೇಡ, ಕಿಡಿ ಇಲ್ಲ, ಮಳೆಗೂ ಆರುವುದಿಲ್ಲ. ಆದರೆ ಈ ಬೆಳಕು ಗುರುತಿಗೆ ಸಾಕು, ಕೆಲಸಕ್ಕೆ ಸಾಲದು. ಟಾರ್ಚ್ ಬೇರೆ ಇರಲೇಬೇಕು.

ಹಂಚುವ ಮೊದಲು ಒಳಗೇನಿದೆ ಅಂತ ಹೇಳಿಬಿಡುತ್ತೇನೆ. 'ಕಚ್ಚಬೇಡಿ' ಅಂತ ಸುಮ್ನೆ ಗದರಿದರೆ ಕಚ್ಚಿಯೇ ನೋಡುವ ಮಕ್ಕಳಿರುತ್ತಾರೆ. ಒಳಗೆ ಗಾಜಿದೆ ಅಂದರೆ ಮಾತು ನಾಟುತ್ತದೆ.

ಹೊರಗಿನದು ಬಾಗುವ ಪ್ಲಾಸ್ಟಿಕ್ ಕೊಳವೆ. ಅದರಲ್ಲಿ ಎಣ್ಣೆಯಂಥ ದ್ರವ. ಸಾಮಾನ್ಯವಾಗಿ ಆ ದ್ರವದಲ್ಲಿ ಡೈಫಿನೈಲ್ ಆಕ್ಸಲೇಟ್ ಜಾತಿಯ ರಾಸಾಯನಿಕ, ಜೊತೆಗೆ ಹೊಳೆಯುವ ಬಣ್ಣ ಕರಗಿರುತ್ತವೆ. ಅದೇ ದ್ರವದೊಳಗೆ ತೆಳು ಗಾಜಿನ ಇನ್ನೊಂದು ಪುಟ್ಟ ಕೊಳವೆ, ಅದರ ತುಂಬ ಹೈಡ್ರೋಜನ್ ಪೆರಾಕ್ಸೈಡ್. ಬಗ್ಗಿಸಿದಾಗ 'ಟಕ್' ಅನ್ನುವುದು ಆ ಗಾಜು ಒಡೆಯುವ ಸದ್ದು. ಎರಡೂ ಬೆರೆತಾಗ ಹುಟ್ಟುವ ಶಕ್ತಿಯನ್ನು ಬಣ್ಣದ ಅಣುಗಳು ಹೀರಿಕೊಂಡು ಬೆಳಕಾಗಿ ಹೊರಬಿಡುತ್ತವೆ. ಉರಿಯುವುದು ಏನೂ ಇಲ್ಲ, ಅದಕ್ಕೇ ಕೈಗೆ ಬಿಸಿ ತಾಗುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಕೇಂದ್ರದ ರಸಾಯನ ವಿಜ್ಞಾನಿ ಎಡ್ವಿನ್ ಚಾಂಡ್ರೋಸ್ ಈ ಬಗೆಯ ಬೆಳಕನ್ನು ಕಂಡರು. ಅಮೆರಿಕನ್ ಸಯನಮಿಡ್ ಕಂಪನಿಯ ಮೈಕಲ್ ರೌಹಟ್ ತಂಡ ಅದನ್ನು ಬಳಸುವಷ್ಟು ಪ್ರಖರ ಮಾಡಿತು.

ಮಕ್ಕಳಿಗೆ ತುಂಬ ಇಷ್ಟವಾಗುವುದು ಎರಡು ಲೋಟದ ಆಟ. ಒಂದೇ ಥರದ ಎರಡು ಕಡ್ಡಿ ಬಗ್ಗಿಸಿ, ಒಂದನ್ನು ಐಸ್ ನೀರಿಗೆ, ಇನ್ನೊಂದನ್ನು ಬೆಚ್ಚಗಿನ ನೀರಿಗೆ ಹಾಕುತ್ತೇನೆ. ಬೆಚ್ಚಗಿದ್ದದ್ದು ಝಗ್ಗನೆ ಹೊಳೆಯುತ್ತದೆ, ತಣ್ಣಗಿದ್ದದ್ದು ಮಂಕಾಗುತ್ತದೆ. ಬಿಸಿಗೆ ಕ್ರಿಯೆ ಜೋರಾಗಿ ನಡೆದು ಸರಕು ಬೇಗ ಖಾಲಿ, ಅಷ್ಟೇ. ಕುದಿಯುವ ನೀರು ಮಾತ್ರ ಬೇಡ, ಕೊಳವೆ ಮೆತ್ತಗಾಗಿ ಸೋರಬಹುದು. ಮೈಕ್ರೋವೇವ್‌ನಲ್ಲಂತೂ ಇಡಲೇಬಾರದು, ಸಿಡಿಯುತ್ತದೆ. ಫ್ರೀಜರ್‌ನಲ್ಲಿಟ್ಟರೆ ಮರುದಿನಕ್ಕೆ ಸ್ವಲ್ಪ ಬೆಳಕು ಉಳಿಯುತ್ತದೆ, ಹೌದು. ಆದರೆ ಕ್ರಿಯೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಕೊಳ್ಳುವಾಗ ಎಷ್ಟು ಹೊತ್ತಿನದು ಅಂತ ನೋಡಿಕೊಳ್ಳಿ. ತುಂಬಾ ಪ್ರಖರ ಅಂತ ಬರುವ ಕೆಲವು ಕಡ್ಡಿಗಳು ಕೆಲವೇ ನಿಮಿಷ ಹೊಳೆದು ಮುಗಿಯುತ್ತವೆ. ರಾತ್ರಿಯಿಡೀ ಬೇಕಾದರೆ 8ರಿಂದ 12 ಗಂಟೆಯದ್ದು. ದಾರಿ ಗುರುತಿಗೆ ನನ್ನ ಆಯ್ಕೆ ಹಸಿರು, ಕತ್ತಲಲ್ಲಿ ನಮ್ಮ ಕಣ್ಣಿಗೆ ಅದೇ ಚೆನ್ನಾಗಿ ಕಾಣುವುದು. ಫಾಯಿಲ್ ಪೊಟ್ಟಣವನ್ನು ಬಳಸುವ ಹೊತ್ತಿಗೇ ಬಿಚ್ಚುತ್ತೇನೆ, ತೇವ ತಾಗಿದರೆ ಒಳಗಿನ ಸರಕು ಕೆಡುತ್ತದೆ.

ಓಡಾಡುವ ಮಕ್ಕಳ ಕುತ್ತಿಗೆಗೆ ದಾರ ಕಟ್ಟಿ ನೇತುಹಾಕುವುದಿಲ್ಲ, ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೆ ಕೊಡುವುದೇ ಇಲ್ಲ. ದ್ರವವನ್ನು ಮುಖಕ್ಕೆ ಬಳಿದುಕೊಳ್ಳಲು ಕಡ್ಡಿ ಕತ್ತರಿಸುವ ಹುಚ್ಚು ಕೆಲವರಿಗಿದೆ. ಗಾಜಿನ ಚೂರೂ ಅದರ ಜೊತೆಗೇ ಬರುತ್ತದೆ ಅಲ್ವಾ?

ಸೋರಿದರೆ ಚರ್ಮವನ್ನು ಸೋಪು, ನೀರಿನಿಂದ ತೊಳೆಸುತ್ತೇನೆ. ಬಟ್ಟೆಗೆ ಕಲೆ ಉಳಿಯಬಹುದು, ಮೇಜಿನ ಪಾಲಿಶ್ ಕೂಡ ಹಾಳಾಗಬಹುದು. ಕಣ್ಣಿಗೆ ಬಿದ್ದರೆ ಉಜ್ಜಲು ಬಿಡದೆ, ಕನಿಷ್ಠ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ವೈದ್ಯರ ಹತ್ತಿರ. ಬಾಯಿಗೆ ಹೋದರೆ ಬಾಯಿ ತೊಳೆಸಿ, ನೀರು ಕುಡಿಸಿ, ವೈದ್ಯರಿಗೆ ಫೋನ್ ಮಾಡಿ. ವಾಂತಿ ಮಾಡಿಸಬೇಡಿ. ಒಂದೆರಡು ಹನಿಯಿಂದ ಸಾಮಾನ್ಯವಾಗಿ ದೊಡ್ಡ ಅಪಾಯವಿಲ್ಲ, ಆದರೆ ಗಾಜು ನುಂಗಿರುವ ಅನುಮಾನವಿದ್ದರೆ ತಡ ಮಾಡಬಾರದು. ಬೆಕ್ಕು ಕಚ್ಚಿದರೆ ಕಹಿಗೆ ಜೊಲ್ಲು ಸುರಿಸಿಕೊಂಡು ಗಾಬರಿಯಾಗುತ್ತದೆ. ಅದಕ್ಕೂ ಸ್ವಲ್ಪ ನೀರೋ ಹಾಲೋ ಕೊಟ್ಟು, ಮೈಗೆ ಅಂಟಿದ್ದನ್ನು ಒರೆಸಬೇಕು.

ಬೆಳಿಗ್ಗೆ ಹಂಚಿದ್ದನ್ನೆಲ್ಲ ಎಣಿಸಿ ವಾಪಸ್ ತೆಗೆದುಕೊಳ್ಳುತ್ತೇನೆ. ಒಡೆಯದೆ, ದ್ರವವನ್ನು ಸಿಂಕಿಗೆ ಸುರಿಯದೆ, ಹಾಗೇ ಚೀಲದಲ್ಲಿ ಕಟ್ಟಿ ಕಸಕ್ಕೆ.