ಶಾಯಿ ಪೆನ್ನಿಗೆ ಬೇಕಾದದ್ದು ತಣ್ಣೀರು ಮತ್ತು ನಿತ್ಯದ ಬರವಣಿಗೆ

ಹಾಲಿನ ಲೆಕ್ಕ, ದಿನಸಿಯ ಚೀಟಿ, ಊರಿನಲ್ಲಿರುವ ತಂಗಿಗೆ ತಿಂಗಳಿಗೊಂದು ಕಾಗದ, ಇವಿಷ್ಟನ್ನೂ ನಾನು ಇಂದಿಗೂ ಶಾಯಿ ಪೆನ್ನಿನಲ್ಲಿಯೇ ಬರೆಯುತ್ತೇನೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಲಿಸಿ, ನಿವೃತ್ತಳಾದ ಮೇಲೆ ಡೊಂಬಿವಲಿಯ ಈ ಮನೆಯಲ್ಲಿ ನೆಲೆಸಿದ್ದೇನೆ. ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಪೆನ್ನು ಕೈಬಿಟ್ಟಿತು, ನೀಲಿಯದು ಉಳಿಯಿತು. ಈಚೆಗೆ ನಮ್ಮ ಸೊಸೈಟಿಯ ಕಾಲೇಜು ಹುಡುಗ ಹುಡುಗಿಯರಲ್ಲಿ ಇಂಕ್ ಪೆನ್ನಿನ ಆಸೆ ಮತ್ತೆ ಚಿಗುರಿರುವುದನ್ನು ಕಾಣುತ್ತಿದ್ದೇನೆ. ಆಸೆಯಿಂದ ಕೊಳ್ಳುತ್ತಾರೆ, ಎರಡು ವಾರ ಬರೆಯುತ್ತಾರೆ, ಪರೀಕ್ಷೆ ಬಂತೆಂದು ಡ್ರಾಯರಿಗೆ ಹಾಕುತ್ತಾರೆ, ಮೂರು ತಿಂಗಳ ಮೇಲೆ “ಟೀಚರ್, ಇದು ಹಾಳಾಗಿದೆ, ನೋಡ್ತೀರಾ?” ಎಂದು ನನ್ನ ಬಾಗಿಲಿಗೆ ಬರುತ್ತಾರೆ. ಹೀಗೆ ಬಂದ ಪೆನ್ನುಗಳಲ್ಲಿ ನಿಜವಾಗಿ ಹಾಳಾದದ್ದು ಬಲು ಕಡಿಮೆ; ಒಳಗಿನ ಶಾಯಿ ಒಣಗಿ ದಾರಿ ಕಟ್ಟಿಕೊಂಡದ್ದೇ ಹೆಚ್ಚು. ಒಂದು ಲೋಟ ನೀರು, ಒಂದು ರಾತ್ರಿಯ ಕಾಯುವಿಕೆ, ಇಷ್ಟರಿಂದ ಅವು ಮತ್ತೆ ಬರೆದಿವೆ. ಹೀಗಾಗಿ ಒಬ್ಬೊಬ್ಬರಿಗೆ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಾಗಿ ಬರೆದಿಡುತ್ತಿದ್ದೇನೆ.

ಕೊಳ್ಳುವ ವಿಷಯದಲ್ಲಿ ದೊಡ್ಡ ಮೊತ್ತ ಸುರಿಯಬೇಕಾಗಿಲ್ಲ. ನಿತ್ಯದ ಬಳಕೆಗೆ ಕೆಲವು ನೂರು ರೂಪಾಯಿಯ ಒಳಗಿನ, ಉಕ್ಕಿನ ನಿಬ್ಬಿನ ಪೆನ್ನು ಧಾರಾಳವಾಗಿ ಸಾಕು. ಚಿನ್ನದ ನಿಬ್ಬಿನದಾದರೂ ಕಾಗದಕ್ಕೆ ತಾಗುವ ತುದಿಯ ಕಾಳು ಚಿನ್ನದ್ದಲ್ಲ, ಬೇರೊಂದು ಗಡಸು ಮಿಶ್ರಲೋಹದ್ದು. ಒಳ್ಳೆಯ ಉಕ್ಕಿನ ನಿಬ್ಬಿಗೂ ಅಂಥದೇ ಕಾಳನ್ನು ಬೆಸೆದಿರುತ್ತಾರೆ. ಮುಂಬಯಿಯಲ್ಲಿರುವವರು ಕ್ರಾಫರ್ಡ್ ಮಾರುಕಟ್ಟೆಯ ಸಮೀಪದ ಅಬ್ದುಲ್ ರೆಹಮಾನ್ ಬೀದಿಯಲ್ಲಿ, ಪುಣೆಯವರು ಅಪ್ಪಾ ಬಳವಂತ ಚೌಕದಲ್ಲಿ ಒಂದು ಸುತ್ತು ಹಾಕಿದರೆ ಆಯ್ಕೆಗೆ ಕೊರತೆಯಾಗದು. ಅಂಗಡಿಯಲ್ಲಿ ನಿಬ್ಬನ್ನು ಶಾಯಿಯಲ್ಲಿ ಅದ್ದಿ ಬರೆದು ನೋಡಲು ಬಿಡುವವರಲ್ಲಿಯೇ ಕೊಳ್ಳಿರಿ. ನಾನು ಮೊದಲು ಬರೆಯುವ ಅಕ್ಷರ ‘ಠ’. ಅದರ ಪೂರ್ಣ ವೃತ್ತವನ್ನು ನಾಲ್ಕಾರು ಬಾರಿ ಸುತ್ತಿದರೆ ನಿಬ್ಬು ಎಲ್ಲಾ ದಿಕ್ಕಿಗೂ ಹೊರಳಿದಂತಾಗುತ್ತದೆ, ಯಾವ ತಿರುವಿನಲ್ಲಿ ಕಾಗದವನ್ನು ಕೆರೆಯುತ್ತದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಆಮೇಲೆ ‘ಮಹಾರಾಷ್ಟ್ರ’ ಎಂದು ಸಣ್ಣಗೆ ಬರೆಯುತ್ತೇನೆ. ಅಂಗಡಿಯವನಿಗೆ ಓದಲು ಬಾರದಿದ್ದರೂ ಏನು ಬರೆದಿದ್ದೇನೆಂದು ಹೇಳಿದರೆ ಸಂತೋಷವಾಗುತ್ತದೆ. ನನಗೆ ಬೇಕಾದದ್ದು ಮಾತ್ರ ‘ಷ್ಟ್ರ’ ಎಂಬ ಒತ್ತು.

ಕನ್ನಡ ಬರೆಯುವವರು ನಿಬ್ಬಿನ ದಪ್ಪವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಆರಿಸಬಾರದು. ನಮ್ಮ ಅಕ್ಷರಗಳ ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ. ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ ಇವುಗಳ ನಡುವಿನ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಗೀಟು. ‘ಥ’ಕ್ಕೂ ‘ಧ’ಕ್ಕೂ ಇರುವ ಭೇದ ಹೊಟ್ಟೆಯೊಳಗಿನ ಒಂದು ಚುಕ್ಕೆ. ಮಧ್ಯಮ ದಪ್ಪದ, ಅಂದರೆ ‘ಎಂ’ ಎಂದು ಕೊರೆದಿರುವ ನಿಬ್ಬಿನಿಂದ ಸಾಧಾರಣ ನೋಟುಪುಸ್ತಕದಲ್ಲಿ ಬರೆದರೆ ಶಾಯಿ ಹರಡಿ ಆ ಚುಕ್ಕೆಯೂ ಗೀಟೂ ಮುಚ್ಚಿಹೋಗುತ್ತವೆ, ಓದುವವರು ಊಹೆಯ ಮೇಲೆ ಓದಬೇಕಾಗುತ್ತದೆ. ಆದ್ದರಿಂದ ‘ಎಫ್’ ಎಂಬ ಗುರುತಿನ ಸಪೂರ ನಿಬ್ಬು ನಮಗೆ ಹೊಂದುತ್ತದೆ. ಜಪಾನಿನ ಕಂಪನಿಗಳ ‘ಎಫ್’ ಯುರೋಪಿನವುಗಳಿಗಿಂತ ಸಾಮಾನ್ಯವಾಗಿ ಇನ್ನಷ್ಟು ಸಪೂರವಾಗಿರುತ್ತದೆ ಎಂಬುದು ನೆನಪಿರಲಿ.

ಹೊಸ ಪೆನ್ನಿಗೆ ತಂದ ಕೂಡಲೇ ಶಾಯಿ ತುಂಬಬೇಡಿರಿ. ತಯಾರಿಕೆಯ ವೇಳೆಯ ಎಣ್ಣೆಯ ಅಂಶ ಒಳಗೆ ಉಳಿದಿರಬಹುದು; ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಬೆರೆಸಿ, ಅದರಲ್ಲಿ ನಿಬ್ಬಿನ ಭಾಗವನ್ನು ತೊಳೆದು, ಬಳಿಕ ಬರಿಯ ನೀರಿನಲ್ಲಿ ಎರಡು ಮೂರು ಬಾರಿ ಜಾಲಿಸಿದರೆ ಸಾಕು.

ಶಾಯಿ ತುಂಬುವ ಬಗೆ ಮೂರು. ಪೆನ್ನಿನ ಕೊಳವೆಗೇ ನೇರವಾಗಿ ಫಿಲ್ಲರಿನಿಂದ, ಅಂದರೆ ರಬ್ಬರು ಒತ್ತಿ ಹನಿ ಬಿಡುವ ಸಣ್ಣ ನಳಿಗೆಯಿಂದ, ತುಂಬುವುದು ನಮ್ಮ ಕಾಲದ ಕ್ರಮ. ಎರಡು ಮೂರು ಮಿಲಿಲೀಟರ್ ಸುಲಭವಾಗಿ ಹಿಡಿಯುತ್ತದೆ. ತಿರುಗಿಸಿ ಹೀರುವ ಕನ್ವರ್ಟರ್ ಹೆಚ್ಚುಕಡಿಮೆ ಒಂದು ಮಿಲಿಲೀಟರಿನೊಳಗೇ ಮುಗಿಯುತ್ತದೆ. ಶಾಯಿ ತುಂಬಿಯೇ ಬರುವ, ಬಳಸಿ ಎಸೆಯುವ ಕಾರ್ಟ್ರಿಜ್ ಮೂರನೆಯದು. ಎಸೆಯಬೇಕೆಂದು ಕಂಪನಿ ಹೇಳಿದರೂ, ತೊಳೆದು ಸಿರಿಂಜಿನಿಂದ ಬಾಟಲಿಯ ಶಾಯಿಯನ್ನೇ ಮತ್ತೆ ತುಂಬಿದರೆ ಬಾಯಿ ಸಡಿಲವಾಗುವ ತನಕ ಹಲವು ಸಲ ಬರುತ್ತದೆ, ದುಡ್ಡೂ ಉಳಿಯುತ್ತದೆ.

ಫಿಲ್ಲರಿನಿಂದ ತುಂಬುವ ಪೆನ್ನಿಗೆ ಒಂದು ಸ್ವಭಾವವುಂಟು. ಶಾಯಿ ಮೂರನೆಯ ಒಂದು ಪಾಲಿಗೆ ಇಳಿದಾಗ ಉಳಿದ ಜಾಗವೆಲ್ಲ ಗಾಳಿ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಕ್ಕೆ ದಬ್ಬುತ್ತದೆ, ಪುಟದ ನಡುವೆ ದೊಡ್ಡ ಹನಿ ಬೀಳುತ್ತದೆ. ಪೂರ್ತಿ ಮುಗಿಯಲೆಂದು ಕಾಯದೆ ಮೊದಲೇ ತುಂಬಿಸಿಕೊಳ್ಳುವುದೇ ಇದಕ್ಕೆ ಉಪಾಯ. ಒಮ್ಮೆ ಪುಣೆಯ ರೈಲಿನಲ್ಲಿ, ಖಂಡಾಲಾ ಘಟ್ಟ ಏರಿದ ಮೇಲೆ ಚೀಟಿಯೊಂದನ್ನು ಬರೆಯಲೆಂದು ಮುಚ್ಚಳ ತೆರೆದರೆ, ಅದರೊಳಗೆಲ್ಲ ಶಾಯಿ ತುಂಬಿ ನನ್ನ ಹೆಬ್ಬೆರಳು ಗಣ್ಣಿನವರೆಗೆ ನೀಲಿಯಾಯಿತು. ಆ ಘಟ್ಟದ ಮೇಲಿರುವ ಲೋಣಾವಳ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನದು ಹಿಗ್ಗುತ್ತದೆ ಎಂಬುದನ್ನು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ್ದರೂ ನನ್ನ ಪರ್ಸಿನೊಳಗಿನ ಅರೆತುಂಬಿದ ಪೆನ್ನಿಗೆ ಅದು ಅನ್ವಯಿಸೀತೆಂದು ಹೊಳೆದಿರಲಿಲ್ಲ. ವಿಮಾನದಲ್ಲಿ ಮಂಗಳೂರಿಗೆ ಹೋಗುವವರು ಪೆನ್ನನ್ನು ಒಂದೋ ಕಂಠಪೂರ್ತಿ ತುಂಬಿರಬೇಕು, ಇಲ್ಲವೇ ಬರಿದು ಮಾಡಿರಬೇಕು, ನಿಬ್ಬನ್ನು ಮೇಲ್ಮುಖವಾಗಿ ಇಟ್ಟಿರಬೇಕು. ಲೋಕಲ್ ರೈಲಿನ ನೂಕುನುಗ್ಗಲಿಗೆ ಒತ್ತಿ ಮುಚ್ಚುವ ಕ್ಯಾಪಿಗಿಂತ ತಿರುಪಿನ ಕ್ಯಾಪು ಲೇಸು.

ನಿಬ್ಬಿರುವ ಕತ್ತು ಮತ್ತು ಕೊಳವೆ ಸೇರುವ ತಿರುಪಿನಲ್ಲಿ ಶಾಯಿ ಜಿನುಗಿದರೆ, ಹಿಂದೆ ನಾವು ಹೊಲಿಗೆಯ ದಾರದ ಒಂದೆಳೆ ಸುತ್ತಿ ಬಿಗಿ ಮಾಡುತ್ತಿದ್ದೆವು. ಈಗ ಸಿಲಿಕೋನ್ ಗ್ರೀಸ್ ಸಿಗುತ್ತದೆ. ಸಾಸಿವೆ ಕಾಳಿನಷ್ಟು ಸವರಿದರೆ ತಿಂಗಳುಗಳ ಕಾಲ ನಿಲ್ಲುತ್ತದೆ. ತೆಂಗಿನೆಣ್ಣೆ ಹಚ್ಚಬೇಡಿರಿ, ಅದು ಒಳಗಿಳಿದು ಶಾಯಿಯ ಹರಿವನ್ನೇ ಕೆಡಿಸುತ್ತದೆ.

ಶಾಯಿಯ ಬಗ್ಗೆ ಮುಂಬಯಿಯವರಿಗೆ ಕೊಂಚ ಅಭಿಮಾನ ಇರಬೇಕಾದದ್ದೇ. ಈ ಊರಿನ ಕ್ಯಾಮ್ಲಿನ್ ಸಂಸ್ಥೆ ಆರಂಭವಾದದ್ದು ಬಣ್ಣದ ಡಬ್ಬಿಯಿಂದಲ್ಲ, 1931ರಲ್ಲಿ ಡಿ. ಪಿ. ದಾಂಡೇಕರರು ತಯಾರಿಸಿದ ಕುದುರೆ ಛಾಪಿನ ಶಾಯಿಯ ಪುಡಿ ಮತ್ತು ಗುಳಿಗೆಗಳಿಂದ; ಕ್ಯಾಮೆಲ್ ಇಂಕ್ ಆಮೇಲಿನದು, ಆ ಎರಡು ಪದಗಳು ಕೂಡಿಯೇ ಕ್ಯಾಮ್ಲಿನ್. ಊರಿನ ಶಾಲೆಯಲ್ಲಿ ಅಂಥ ಗುಳಿಗೆಯನ್ನು ನೀರಿನಲ್ಲಿ ಕದಡಿ, ಅದ್ದಿ ಬರೆಯುವ ಟಾಕಿನಲ್ಲಿ ಬರೆದವರ ಪೀಳಿಗೆ ನಮ್ಮದು. ಈಗ ಪುಡಿ ಕದಡುವ ಸಾಹಸ ಬೇಡ. ಇಂಕ್ ಪೆನ್ನಿಗೆಂದೇ ಮಾಡಿದ ಬಾಟಲಿಯ ಶಾಯಿಯನ್ನು ತನ್ನಿರಿ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಮಾತ್ರ ಎಂದಿಗೂ ತುಂಬಬಾರದು, ಅದರಲ್ಲಿರುವ ಅರಗು ಒಳಗೆ ಗಟ್ಟಿಯಾದರೆ ನೀರಿಗೆ ಬಿಡುವುದಿಲ್ಲ. ಎರಡು ಕಂಪನಿಗಳ ಶಾಯಿಯನ್ನು ಬೆರೆಸುವುದೂ ಸಲ್ಲದು, ಬಣ್ಣ ಒಂದೇ ಆಗಿದ್ದರೂ ಕೂಡಿದಾಗ ಗಸಿ ಕಟ್ಟಬಹುದು. ಬಾಟಲಿಯೊಳಗೆ ಬಿಳಿಯ ನೂಲಿನಂಥದ್ದು ತೇಲುತ್ತಿದ್ದರೆ ಅದು ಬೂಸಲು; ದುಡ್ಡಿನ ಮುಖ ನೋಡದೆ ಚೆಲ್ಲಿಬಿಡಿರಿ. ಫಿಲ್ಲರಿನಲ್ಲಿ ಉಳಿದ ಶಾಯಿಯನ್ನು ಬಾಟಲಿಗೇ ಮರಳಿ ಹಿಂಡುವ ಅಭ್ಯಾಸದಿಂದಲೇ ಅನೇಕ ವೇಳೆ ಈ ಬೂಸಲು ಬರುತ್ತದೆ.

ಇನ್ನು ತೊಳೆಯುವುದು. ನಿತ್ಯ ಬರೆಯುವ ಪೆನ್ನನ್ನು ಒಂದೆರಡು ತಿಂಗಳಿಗೊಮ್ಮೆ, ಶಾಯಿಯ ಬಣ್ಣ ಬದಲಿಸುವಾಗ ತಪ್ಪದೆ ತೊಳೆಯಬೇಕು. ಉಳಿದ ಶಾಯಿಯನ್ನು ತೆಗೆದು, ನಿಬ್ಬಿರುವ ಕತ್ತಿನ ಭಾಗವನ್ನು ಗಾಜಿನ ಲೋಟದ ನೀರಿನಲ್ಲಿ ನಿಬ್ಬು ಕೆಳಗಾಗಿ ನಿಲ್ಲಿಸಿರಿ. ಸ್ಟೀಲಿನ ಲೋಟವಾದರೆ ಕಾಣಿಸದು. ಗಾಜಿನದಾದರೆ ನಿಬ್ಬಿನ ತುದಿಯಿಂದ ಶಾಯಿ ನೀಲಿ ದಾರದ ಎಳೆಯಂತೆ ನೇರ ಕೆಳಗಿಳಿದು, ತಳ ಮುಟ್ಟಿ, ಹೊಗೆಯಂತೆ ಮಗ್ಗುಲಿಗೆ ಹರಡುವುದನ್ನು ನೋಡಬಹುದು. ಎಳೆ ಸಪೂರವಾಗುತ್ತ ನಿಂತಾಗ ನೀರು ಬದಲಿಸಿರಿ. ಹಳೆಯ ಶಾಯಿ ಒಣಗಿ ಕೂತಿದ್ದರೆ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಫಿಲ್ಲರಿನ ರಬ್ಬರು ಒತ್ತಿ ಹಿಂಬದಿಯಿಂದ ನೀರು ಹಾಯಿಸಿದರೆ ನಿಬ್ಬಿನ ಕೆಳಗಿನ ಗೀರುಗಳುಳ್ಳ ಕರಿಯ ತುಂಡು, ನಾವು ನಾಲಿಗೆ ಎನ್ನುತ್ತಿದ್ದುದು, ತನ್ನ ಕೊಳೆಯನ್ನೆಲ್ಲ ಕಾರಿಕೊಳ್ಳುತ್ತದೆ. ಕಡೆಯ ನೀರು ಕುಡಿಯುವ ನೀರಾಗಿರಲಿ. ಟ್ಯಾಂಕರಿನ ಇಲ್ಲವೇ ಬೋರ್‌ವೆಲ್ಲಿನ ಗಡಸು ನೀರು ಬಿಳಿಯ ಕರೆ ಉಳಿಸುತ್ತದೆ. ಆಮೇಲೆ ಹಳೆಯ ಹತ್ತಿಬಟ್ಟೆಯ ಮಡಿಕೆಯ ಮೇಲೆ ನಿಬ್ಬು ಊರಿ ನಿಲ್ಲಿಸಿದರೆ ಒಳಗಿನ ತೇವವನ್ನು ಬಟ್ಟೆಯೇ ಹೀರಿ ಒಂದು ದಿನದಲ್ಲಿ ಒಣಗಿಸುತ್ತದೆ. ಈ ಕೆಲಸವನ್ನು ಸಿಂಕಿನ ಮೇಲೆ ಮಾಡುವುದಾದರೆ ಜಾಲರಿ ಮುಚ್ಚಿರಿ; ನನ್ನದೊಂದು ನಾಲಿಗೆ ಮೋರಿಯ ಪಾಲಾಗಿದೆ.

ತಣ್ಣೀರು ಎಂದು ಮತ್ತೆ ಮತ್ತೆ ಹೇಳಲು ಕಾರಣವಿದೆ. ನನ್ನ ತಂದೆಯವರ ಕರಿಯ ಎಬೊನೈಟ್ ಪೆನ್ನೊಂದು ಮನೆಯಲ್ಲಿತ್ತು. ಬೇಗ ಸ್ವಚ್ಛವಾಗಲೆಂದು ಚಹಾಕ್ಕೆ ಕುದಿಸಿದ ನೀರಿನಲ್ಲಿ ಉಳಿದದ್ದನ್ನು ಅದರ ಮೇಲೆ ಸುರಿದೆ. ಬೆಂಕಿಕಡ್ಡಿ ಗೀರಿದಂಥ ವಾಸನೆ ಎದ್ದಿತು, ಕಪ್ಪು ಮೈ ನೋಡುನೋಡುತ್ತಿದ್ದಂತೆ ಪಾಚಿಯ ಬಣ್ಣಕ್ಕೆ ತಿರುಗಿತು. ಎಬೊನೈಟ್ ಎಂದರೆ ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರು. ಬಿಸಿನೀರೂ ಬಿಸಿಲೂ ಅದಕ್ಕೆ ಆಗದು. ಪ್ಲಾಸ್ಟಿಕ್ಕಿನ ಪೆನ್ನಿಗೆ ಸ್ಪಿರಿಟ್, ಉಗುರುಬಣ್ಣ ಅಳಿಸುವ ದ್ರವ ಇವೂ ಅಷ್ಟೇ ಅಪಾಯ.

ನಿಬ್ಬಿನ ದೋಷಗಳಲ್ಲಿ ಹೆಚ್ಚಿನವು ನಮ್ಮ ಕೈಯಿಂದಲೇ ಬರುತ್ತವೆ. ಬಾಲ್ ಪೆನ್ನು ಒತ್ತಿದರೆ ಬರೆಯುತ್ತದೆ. ಶಾಯಿ ಪೆನ್ನು ತಾಗಿದರೆ ಬರೆಯುತ್ತದೆ. ಸುಮಾರು 45ರಿಂದ 55 ಡಿಗ್ರಿ ಓರೆಯಾಗಿ, ರಂಗೋಲಿ ಪುಡಿ ಬಿಡುವ ಬೆರಳಿನಷ್ಟು ಹಗುರವಾಗಿ ಹಿಡಿಯಬೇಕು. ಒತ್ತಿದರೆ ಸೀಳಿನ ಎರಡು ಎಸಳುಗಳು ಅಗಲಿ, ಒಂದು ಗೆರೆಯ ಬದಲು ನಡುವೆ ಬಿಳಿ ಉಳಿದ ಜೋಡಿ ಗೆರೆ ಮೂಡುತ್ತದೆ. ಒಮ್ಮಿಂದೊಮ್ಮೆಗೆ ಕೆರೆಯತೊಡಗಿದರೆ ಭೂತಗನ್ನಡಿಯಲ್ಲಿ ತುದಿಯನ್ನು ಎದುರಿನಿಂದ ನೋಡಿರಿ. ಒಂದೆಸಳು ಮೇಲೆ, ಒಂದು ಕೆಳಗೆ ಇದ್ದರೆ, ಮೇಲಿನದನ್ನು ಉಗುರಿನಿಂದ ತುಸುವೇ ಒತ್ತಿ ಸಮಮಾಡಬಹುದು. ಸೀಳಿನಲ್ಲಿ ಕಾಗದದ ನಾರು ಸಿಕ್ಕಿದ್ದರೆ ಬಹುಪಾಲು ತೊಳೆಯುವಾಗಲೇ ಹೋಗುತ್ತದೆ. ಬ್ಲೇಡು ತೂರಿಸುವ ಹಳೆಯ ವಿದ್ಯೆಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿರಿ. ಸ್ಟಾಫ್ ರೂಮಿನಲ್ಲಿ ನಾನೇ ಅದರ ಪಂಡಿತೆಯಾಗಿದ್ದೆ. ಎಷ್ಟು ನಿಬ್ಬುಗಳ ಸೀಳು ಅಗಲಿಸಿ ಶಾಯಿ ಕಕ್ಕುವಂತೆ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ.

ಜೂನ್‌ನಿಂದ ಸೆಪ್ಟೆಂಬರಿನ ತನಕ ನಮ್ಮ ಊರಿನಲ್ಲಿ ಕಾಗದವೇ ತೇವ ಹೀರಿ ಮೆತ್ತಗಾಗುವುದರಿಂದ ಶಾಯಿ ಬೇರುಬಿಟ್ಟಂತೆ ಹರಡುತ್ತದೆ. ನೋಟುಪುಸ್ತಕಗಳನ್ನು ಕಿಟಕಿಯ ಪಕ್ಕದಲ್ಲಿಡದೆ ಕಪಾಟಿನೊಳಗೆ ಇಡಬೇಕು. ರಾಯಲ್ ಬ್ಲೂ ಒಂದು ಹನಿ ಮಳೆಗೂ ಕರಗುತ್ತದೆ. ಲಕೋಟೆಯ ಮೇಲೆ ವಿಳಾಸ ಬರೆದು, ಒಣಗಿದ ಮೇಲೆ ಮೇಣದಬತ್ತಿಯ ತುಂಡನ್ನು ಅದರ ಮೇಲೆ ಉಜ್ಜಿದರೆ ನೀರು ಜಾರಿಹೋಗುತ್ತದೆ. ಬಟ್ಟೆಗೆ ಬಿದ್ದ ಶಾಯಿಯನ್ನು ಉಜ್ಜಬಾರದು. ಶಾಲೆಯಲ್ಲಿ ನಾವು ತಕ್ಷಣ ಸೀಮೆಸುಣ್ಣದ ತುಂಡನ್ನು ಕಲೆಯ ಮೇಲೆ ಇಡುತ್ತಿದ್ದೆವು, ಅದು ನೀಲಿಯನ್ನು ಕುಡಿದುಬಿಡುತ್ತಿತ್ತು. ಉಳಿದ ಕಲೆಯನ್ನು ತಣ್ಣಗಿನ ಹಾಲಿನಲ್ಲಿ ನೆನೆಸಿ ಆಮೇಲೆ ಒಗೆಯಬೇಕು. ಕಲೆ ಪೂರ್ತಿ ಹೋಗುವ ಮೊದಲು ಬಿಸಿನೀರು, ಇಸ್ತ್ರಿ ಬೇಡ.

ದಿನಕ್ಕೆ ನಾಲ್ಕು ಸಾಲಾದರೂ ಬರೆಯುವ ಪೆನ್ನಿಗೆ ಇದರಲ್ಲಿ ಅರ್ಧದಷ್ಟು ಆರೈಕೆಯೂ ಬೇಕಾಗುವುದಿಲ್ಲ, ಹರಿಯುವ ಶಾಯಿ ಒಣಗಿ ಕೂರುವುದಿಲ್ಲ. ಬರೆಯುವುದು ನಿಂತೊಡನೆ ಮುಚ್ಚಳ ಹಾಕುವುದೊಂದು, ರಾತ್ರಿ ನಿಬ್ಬು ಮೇಲಾಗಿ ಲೋಟದಲ್ಲಿ ನಿಲ್ಲಿಸುವುದೊಂದು ರೂಢಿಯಾದರೆ ಸಾಕು. ಮೇ ತಿಂಗಳ ರಜೆಗೆ ಊರಿಗೆ ಹೊರಟು ಒಂದು ತಿಂಗಳು ಮನೆಗೆ ಬೀಗ ಬೀಳುವುದಾದರೆ ಮಾತ್ರ ಪೆನ್ನನ್ನು ಬರಿದು ಮಾಡಿ, ತೊಳೆದು, ಒಣಗಿಸಿ ಇಟ್ಟು ಹೋಗಿರಿ. ಮರಳಿ ಬಂದ ದಿನ ಶಾಯಿ ತುಂಬಿ ಹಾಲಿನ ಲೆಕ್ಕದ ಪುಟ ತೆರೆದಾಗ, ನಾಲಿಗೆಯಲ್ಲಿ ಎಲ್ಲೋ ಉಳಿದಿದ್ದ ನೀರಿನಿಂದಾಗಿ ಮೊದಲ ಸಾಲು ತುಸು ತಿಳಿಯಾಗಿ ಬಂದರೆ ಗಾಬರಿಯಾಗಬೇಡಿರಿ. ಎರಡನೆಯ ಸಾಲಿಗೆ ಬಣ್ಣ ತುಂಬಿಕೊಳ್ಳುತ್ತದೆ.