ನಾಲಿಗೆಗೆ ಮಸಿ ಬಳಿದು ತಕಾರ ತರಿಸಿದ್ದು

ಸೀಳಂಗುಳದ, ಅಂದರೆ ಹುಟ್ಟುವಾಗಲೇ ಬಾಯಿಯ ಮೇಲ್ಛಾವಣಿ ಸೀಳಿರುವ ತೊಂದರೆಯ, ಶಸ್ತ್ರಚಿಕಿತ್ಸೆ ಮುಗಿದು ವರ್ಷಗಳಾದರೂ ‘ತಾತ’ ಎನ್ನಲು ಹೋಗಿ ‘ಕಾಕ’ ಎನ್ನುವ ಮಕ್ಕಳು ವಾಕ್ ಚಿಕಿತ್ಸಕರಾದ ನಮಗೆ ಹೊಸಬರಲ್ಲ. ಶಿರಸಿಯಲ್ಲಿ ನನ್ನ ಬಳಿಗೆ ಬರುತ್ತಿದ್ದ ಒಂಬತ್ತರ ಆಸುಪಾಸಿನ ಹುಡುಗನದು ಇದರಲ್ಲೇ ಹಟಮಾರಿ ನಾಲಿಗೆ. ಕನ್ನಡಿ ತೋರಿಸಿದೆ, ಐಸ್‌ಕ್ರೀಂ ಕಡ್ಡಿಯಿಂದ ತಕಾರಕ್ಕೆ ನಾಲಿಗೆ ತಾಗಬೇಕಾದ ಮೇಲ್ಹಲ್ಲಿನ ಹಿಂಬದಿ ಮುಟ್ಟಿಸಿದೆ, ಅಲ್ಲಿ ಜೇನು ಸವರಿ ನೆಕ್ಕಿಸಿದೆ. ನೆಕ್ಕುವಾಗ ಮುಂದೆ ಬರುವ ನಾಲಿಗೆ ಮಾತಾಡುವಾಗ ಮತ್ತೆ ಹಿಂದೆ. ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ತುಟಿ ಮತ್ತು ಹಲ್ಲು ಮಾತ್ರ. ನಿಜವಾದ ಕೆಲಸ ನಡೆಯುವುದು ಅವುಗಳ ಹಿಂದೆ.

ನಾಲಿಗೆ ಅಂಗುಳಕ್ಕೆ ಎಲ್ಲಿ ತಾಗುತ್ತದೆಂದು ಪರದೆಯ ಮೇಲೆ ತೋರಿಸುವ ಎಲೆಕ್ಟ್ರೋಪ್ಯಾಲಟೋಗ್ರಫಿ ಯಂತ್ರ ಇದ್ದರೆ ಈ ಕಷ್ಟವಿಲ್ಲ ಎಂದು ನೀವು ಹೇಳುತ್ತೀರಿ, ಗೊತ್ತು. ಅದಕ್ಕಾಗಿ ಅಂಗುಳಕ್ಕೆ ಕೂರಿಸುವ 62 ಎಲೆಕ್ಟ್ರೋಡುಗಳ ತೆಳು ತಟ್ಟೆಯನ್ನು ಪ್ರತಿ ಬಾಯಿಯ ಅಳತೆಗೂ ಬೇರೆಯಾಗಿ ಮಾಡಿಸಬೇಕು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವ ಮಗುವಿಗೆ ಒಂದೆರಡು ವರ್ಷದಲ್ಲಿ ಮತ್ತೊಂದು. ಯಂತ್ರದ ಬೆಲೆ ವಿಚಾರಿಸಿ ಫೋನ್ ಇಟ್ಟುಬಿಟ್ಟೆ. ಅಷ್ಟು ಹಣದಲ್ಲಿ ನನ್ನ ಕೋಣೆಯ ಬಾಡಿಗೆಯನ್ನು ವರ್ಷಗಟ್ಟಲೆ ಕಟ್ಟಬಹುದಿತ್ತು.

ಹಾಗಾಗಿ ಹಳೆಯದಕ್ಕೇ ಕೈಹಾಕಿದೆ: ನಾಲಿಗೆಗೆ ಇದ್ದಿಲು ಬಳಿದು, ಒಂದು ಪದ ಹೇಳಿಸಿ, ಅಂಗುಳದ ಮೇಲೆ ಬಿದ್ದ ಗುರುತನ್ನು ಕನ್ನಡಿಯಲ್ಲಿ ಹಿಡಿದು ಫೋಟೋ ತೆಗೆಯುವುದು. ಪರಿಚಯದ ದಂತವೈದ್ಯರು ನಕ್ಕರು. “ಮಗು ವಾಂತಿ ಮಾಡಿಕೊಳ್ಳುತ್ತದೆ, ನಿಮಗೆ ಸಿಗುವ ಚಿತ್ರ ಅದೊಂದೇ” ಎಂದರು. ಹಿರಿಯ ಸಹೋದ್ಯೋಗಿಯೊಬ್ಬರದು ಇನ್ನೊಂದು ರಾಗ: ಇದು ಭಾಷಾವಿಜ್ಞಾನಿಗಳ ಆಟಿಕೆ, ಚಿಕಿತ್ಸೆಗೆ ಬಾರದು ಎಂದು. 1870ರ ದಶಕದಲ್ಲಿ ಲಂಡನ್ನಿನ ಓಕ್ಲಿ ಕೋಲ್ಸ್ ಹಿಟ್ಟು ಮತ್ತು ಗೋಂದು ಬಳಸಿ ಇಂಥದ್ದೇ ಗುರುತು ತೆಗೆದಿದ್ದರು. ಅವರು ದಂತವೈದ್ಯರು ಎನ್ನುವುದನ್ನು ನಮ್ಮ ದಂತವೈದ್ಯರಿಗೆ ನೆನಪಿಸಿದ್ದು ಮಾತ್ರ ನನಗೆ ಖುಷಿ ಕೊಟ್ಟಿತು.

ಮಸಿ ಹದಕ್ಕೆ ಬರಲು ಒಂದು ಮಳೆಗಾಲವೇ ಹಿಡಿಯಿತು. ಮೊದಲು ತೆಂಗಿನ ಚಿಪ್ಪಿನ ಇದ್ದಿಲನ್ನು ಮನೆಯಲ್ಲೇ ಅರೆದೆ. ಎಷ್ಟು ಸೋಸಿದರೂ ಮರಳು ಮರಳು, ಹುಡುಗ ಉಗುಳಿದ. ಕೋಕೋ ಪುಡಿ ರುಚಿಯಾಗಿತ್ತು. ರುಚಿಯಾದ್ದರಿಂದಲೇ ಜೊಲ್ಲು ಸುರಿದು ಗುರುತೆಲ್ಲ ಕಲಸಿಹೋಯಿತು. ಔಷಧದಂಗಡಿಯ ಇದ್ದಿಲು ಕ್ಯಾಪ್ಸೂಲು ಒಡೆದು ತೆಂಗಿನೆಣ್ಣೆಯಲ್ಲಿ ಕಲಸಿದಾಗ ಮೊದಲ ಬಾರಿಗೆ ಚಂದದ ಗುರುತು ಬಿತ್ತು. ಬೀಗುತ್ತಿದ್ದೆ, ಅಷ್ಟರಲ್ಲಿ ಮಲೆನಾಡಿನ ಚಳಿ ಬಂತು. ಬೆಳಗಿನ ಹೊತ್ತು ಬಟ್ಟಲಲ್ಲಿ ಎಣ್ಣೆಯೇ ಗಟ್ಟಿ. ಆಲಿವ್ ಎಣ್ಣೆಯ ಚಿಕ್ಕ ಬಾಟಲಿಗೆ ಮುನ್ನೂರೋ ಮುನ್ನೂರೈವತ್ತೋ ಕೊಟ್ಟೆ, ಅದು ಇನ್ನೂ ಮುಗಿದಿಲ್ಲ. ಈಗ ಅದಕ್ಕೆ ಇನ್ನೊಂದು ಪುಡಿಯನ್ನೂ ಚಿಟಿಕೆ ಸೇರಿಸುತ್ತೇನೆ. ಅಡುಗೆಮನೆಯದೇ ಪುಡಿ. ಅದರಿಂದ ಮಸಿ ಹರಿಯುವುದಿಲ್ಲ. ಹೆಸರನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಉದ್ದ ಹಿಡಿಯ ಬಾಯಿಗನ್ನಡಿ ಆರುನೂರರ ಸುಮಾರಿಗೆ ಸಿಕ್ಕಿತು. ಫೋಟೋಗೆ ನನ್ನ ಮೊಬೈಲ್, ಬೆಳಕಿಗೆ ವಿಡಿಯೋ ಮಾಡುವವರ ಉಂಗುರದ ದೀಪ. ಕನ್ನಡಿ ಮಂಜಾಗದಂತೆ ಬಿಸಿನೀರಲ್ಲಿ ಅದ್ದಿ ಒರೆಸಿ. ಎಲ್ಲ ಸೇರಿ ಎರಡೂವರೆ ಸಾವಿರ ದಾಟಲಿಲ್ಲ. ಅಂಗುಳದಲ್ಲಿ ಇನ್ನೂ ಸಣ್ಣ ರಂಧ್ರ ಉಳಿದಿರುವ ಮಕ್ಕಳಿಗೆ ಇದು ಬೇಡವೇ ಬೇಡ, ಮಸಿ ಮೂಗಿಗೆ ಏರುತ್ತದೆ. ಮಾತ್ರೆ ನುಂಗಿದ ಮಕ್ಕಳಿಗೂ ಆ ಹೊತ್ತಿನಲ್ಲಿ ಬೇಡ, ಇದ್ದಿಲು ಔಷಧವನ್ನು ಹೀರಿಕೊಳ್ಳುತ್ತದೆ.

ಪದದ ಆಯ್ಕೆ ನಿಮಗೆ ಗೊತ್ತಿದ್ದದ್ದೇ. ನಾಲಿಗೆ ಒಂದೇ ಕಡೆ ತಾಗಬೇಕು, ಉಳಿದದ್ದು ತುಟಿಯ ಕೆಲಸವಾಗಿರಬೇಕು ಅಥವಾ ‘ಅ’, ‘ಆ’ ಸ್ವರವಾಗಿರಬೇಕು. ಹುಡುಗನಿಗೆ ‘ಆತ’ ಕೊಟ್ಟೆ. ಫೋಟೋದಲ್ಲಿ ಹಲ್ಲಿನ ಹಿಂದೆಲ್ಲ ಶುದ್ಧ ಗುಲಾಬಿ, ಗಟ್ಟಿ ಅಂಗುಳ ಮುಗಿಯುವಲ್ಲಿ ಮಾತ್ರ ಕಪ್ಪು ಅಂಚು. ಅವನ ತಾಯಿಯ ನಾಲಿಗೆಗೂ ಮಸಿ ಬಳಿದೆ. ಪಾಪ, ಅವರು ನಗುತ್ತಲೇ ಒಪ್ಪಿದರು. ಅವರ ಅಂಗುಳದಲ್ಲಿ ಹಲ್ಲಿನ ಬುಡಕ್ಕೆ ಅಂಟಿಕೊಂಡು ಲಾಳದಂಥ ಕಪ್ಪು ಗುರುತು. ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟಾಗ ಹುಡುಗ ತಾನಾಗಿಯೇ “ಅಮ್ಮನದು ಮುಂದಿದೆ” ಎಂದ. ನಾನು ತಿಂಗಳುಗಟ್ಟಲೆ ಬಾಯಲ್ಲಿ ಹೇಳಿದ್ದನ್ನು ಅವನು ಒಂದು ನೋಟದಲ್ಲಿ ಕಂಡುಕೊಂಡ.

ಅಲ್ಲಿಂದ ಮುಂದೆ ಅವನಿಗೆ ಅದು ಆಟವಾಯಿತು. ಸದ್ದಿಲ್ಲದೆ ಮುಂದೆ ತಾಗಿಸಿ ಲಾಳ ಬೀಳಿಸುವುದು ಮೊದಲು. ಆಮೇಲೆ ನಕಾರ, ಗಾಳಿ ಹೇಗೂ ಮೂಗಿನಲ್ಲಿ ಹೋಗುವ ಅಕ್ಷರವಾದ್ದರಿಂದ ಅಲ್ಲಿ ಅವನಿಗೆ ಗಾಳಿ ಮೂಗಿಗೆ ನುಸುಳೀತೆಂಬ ಹೆದರಿಕೆಯಿಲ್ಲ. ನಕಾರ ಗಟ್ಟಿಯಾದ ಮೇಲೆ ಮೂಗು ಹಿಡಿದು ಅದನ್ನೇ ಹೇಳಿಸಿದರೆ ದಕಾರ ಬರುತ್ತದೆ, ದಕಾರವನ್ನು ಪಿಸುಗುಟ್ಟಿಸಿದರೆ ತಕಾರ. ಇದು ಹಳೆಯ ಉಪಾಯ, ನನ್ನದಲ್ಲ. ಆದರೆ ನಕಾರವೇ ಹಿಂದೆ ಹೋಗುವ ಮಗುವಿನಲ್ಲಿ ಆ ಉಪಾಯ ನಡೆಯುವುದಿಲ್ಲ, ಅಲ್ಲಿ ಮಸಿ ಬೇಕಾಯಿತು. ಎರಡು ಮೂರು ತಿಂಗಳಲ್ಲಿ ‘ತಾತ’ ಬಂತು. ಮನೆಯಲ್ಲಿ ಇನ್ನೂ ಅವಸರದಲ್ಲಿ ‘ಕಾಕ’ ಇಣುಕುತ್ತದೆಯಂತೆ, ಆದರೆ ಹುಡುಗನೇ ತಡೆದು ತಿದ್ದಿಕೊಳ್ಳುತ್ತಾನೆ.

ಸಂಜೆ ಕೆಲಸ ಮುಗಿದ ಮೇಲೆ ನನ್ನ ನಾಲಿಗೆಯ ಮೇಲೂ ಪ್ರಯೋಗ ನಡೆಯಿತು. ‘ಆತ’ ಆದ ಮೇಲೆ ‘ಆಟ’ ಹೇಳಿ ನೋಡಿದೆ. ಅಂಗುಳದ ಮೇಲೆ ಏನೂ ಇಲ್ಲ! ಮಸಿಯ ದೋಷವೆಂದು ಮತ್ತೆ ಕಲಸಿದೆ, ಮತ್ತೆ ಖಾಲಿ. ಆಮೇಲೆ ಹೊಳೆಯಿತು: ಬಳಿದದ್ದು ನಾಲಿಗೆಯ ಮೇಲ್ಭಾಗಕ್ಕೆ, ನನ್ನ ಟಕಾರದಲ್ಲಿ ತುದಿ ಮಡಚಿ ತಾಗುವುದು ಕೆಳಭಾಗ. ಕೆಳಗೂ ಬಳಿದಾಗ ಹಲ್ಲಿನಿಂದ ಸಾಕಷ್ಟು ಹಿಂದೆ ಅಚ್ಚುಕಟ್ಟಾದ ಗುರುತು ಬಿತ್ತು. ‘ಹಾಲು’ ಮತ್ತು ‘ಹಾಳು’ ಇಟ್ಟು ನೋಡಿದರೂ ಹೀಗೆಯೇ. ‘ಗೀಟು’ ಹೇಳಿದಾಗ ಈಕಾರ ಎರಡೂ ಬದಿಗೆ ಮಸಿ ಮೆತ್ತುತ್ತದೆ, ಟಕಾರದ ಗುರುತು ಮಾತ್ರ ಕೊಂಚ ಮುಂದೆ ಸರಿದಿತ್ತು. ಪಕ್ಕದ ಮನೆಯ ಕಾಲೇಜು ಹುಡುಗಿಯ ‘ಆಟ’ ನನ್ನದಕ್ಕಿಂತ ಬಹಳ ಮುಂದಿದೆ, ಹೆಚ್ಚುಕಡಿಮೆ ಒಸಡಿನ ಉಬ್ಬಿನಲ್ಲೇ. ಇಂಗ್ಲಿಷ್ ಶಾಲೆಯ ಪ್ರಭಾವವೋ ಅವಳ ಬಾಯಿಯ ಆಕಾರವೋ ಎಂದು ತಿಳಿಯಲು, ದಂತವೈದ್ಯರು ಹಲ್ಲಿನ ಅಚ್ಚಿಗೆ ಬಳಸುವ ಆಲ್ಜಿನೇಟ್‌ನಲ್ಲಿ ಅವಳ ಅಂಗುಳದ ಅಚ್ಚು ತೆಗೆದೆ. ಪೊಟ್ಟಣಕ್ಕೆ ನಾನೂರು ಚಿಲ್ಲರೆ ಹೋಯಿತು, ಉತ್ತರ ಸಿಗಲಿಲ್ಲ. ಪ್ಲಾಸ್ಟರಿನ ಆ ಅಚ್ಚು ಈಗ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

ನಕ್ಕಿದ್ದ ದಂತವೈದ್ಯರು ಈಚೆಗೆ ತಾವೇ ಇಬ್ಬರು ಮಕ್ಕಳನ್ನು ಕಳಿಸಿದ್ದಾರೆ. ಒಬ್ಬಳದು ಸಕಾರದ ತೊಂದರೆ. ಅದರಲ್ಲಿ ನಾಲಿಗೆಯ ನಡುವೆ ಗಾಳಿ ಹೋಗುವ ಸಣ್ಣ ಓಣಿ ಫೋಟೋದಲ್ಲಿ ಮಸಿ ತಾಗದೆ ಉಳಿಯಬೇಕು; ಇವಳಲ್ಲಿ ಅದು ಬಲಗಡೆಗೆ ವಾಲಿದೆ. ಇನ್ನೊಬ್ಬನಿಗೆ ಕನ್ನಡಿ ಕಂಡರೆ ಓಕರಿಕೆ, ಅವನಿಗೆ ಇನ್ನೂ ಚಿಕ್ಕ ಕನ್ನಡಿ ಹುಡುಕುತ್ತಿದ್ದೇನೆ. ದಂತವೈದ್ಯರು ಮಸಿಯಲ್ಲಿರುವ ಆ ಪುಡಿ ಯಾವುದೆಂದು ಫೋನಿನಲ್ಲಿ ಕೇಳಿದರು. ಅವರಿಗೂ ಹೇಳಲಿಲ್ಲ.