ಇಪ್ಪತ್ತು ಎಕರೆಯ ಕಳೆಗೆ ಯಾವ ಸ್ಪ್ರೇಯರ್? ನಾಜಲ್‌ನಿಂದ ಶುರು ಮಾಡಿ

ಸ್ಪ್ರೇಯರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಲೀಟರಿನದು, ಪ್ರೆಶರ್ ಎಷ್ಟು ಬರುತ್ತದೆ. ಹುಳಕ್ಕೆ, ಕೊಳೆರೋಗಕ್ಕೆ ಹೊಡೆಯುವವರಿಗೆ ಎರಡನೆಯ ಪ್ರಶ್ನೆ ಸರಿ. ಆ ಔಷಧಿ ಮಂಜಿನಂತೆ ಹರಡಿ ಎಲೆಯ ಅಡಿಗೂ ಗೊನೆಯ ಸಂದಿಗೂ ಹೋಗಬೇಕು. ಕಳೆಗೆ ಹೊಡೆಯುವಾಗ ಲೆಕ್ಕ ತಿರುಗುಮುರುಗು. ಹನಿ ದಪ್ಪವಿರಬೇಕು, ಕಳೆಯ ಮೇಲೆ ಬಿದ್ದು ಅಲ್ಲೇ ಕೂರಬೇಕು, ಪಕ್ಕದ ಬಾಳೆ ಎಲೆಗೆ ತೇಲಿ ಹೋಗಬಾರದು. ಅದಕ್ಕೆ ಕೈಯಲ್ಲಿ ಹಿಡಿಯುವ ಕೋಲಿನ ತುದಿಯಲ್ಲಿ 1ರಿಂದ 2 ಬಾರ್, ಅಂದರೆ 15ರಿಂದ 30 ಪಿಎಸ್‌ಐ ಒತ್ತಡ ಸಾಕು. ಹಾಗಾಗಿ ಖರೀದಿಯನ್ನು ನಾಜಲ್‌ನಿಂದ, ಅಂದರೆ ಹನಿ ಹೊರಬರುವ ತುದಿಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ: ಯಾವ ನಾಜಲ್, ಅದಕ್ಕೆ ಎಷ್ಟು ನೀರು, ಅಷ್ಟು ನೀರು ಕೊಡಲು ಯಾವ ಪಂಪು, ಕೊನೆಗೆ ಟ್ಯಾಂಕು.

ಜಮೀನನ್ನು ತುಂಡು ಮಾಡಿ ನೋಡಿ

ಎಲ್ಲ ಜಾಗಕ್ಕೂ ಒಂದೇ ಸ್ಪ್ರೇಯರ್ ಹುಡುಕಿದರೆ ಎಲ್ಲ ಕೆಲಸಕ್ಕೂ ಅರೆಬರೆಯಾದ ಯಂತ್ರ ಮನೆಗೆ ಬರುತ್ತದೆ. ತಿಪಟೂರು, ಅರಸೀಕೆರೆ ಕಡೆ ಕಾಣುವಂಥ 20 ಎಕರೆ ಇದೆ ಎಂದುಕೊಳ್ಳಿ: 8 ಎಕರೆ ತೆಂಗು, 3 ಎಕರೆ ಅಡಿಕೆ ಮತ್ತು ಬಾಳೆ, 7 ಎಕರೆ ಮುಸುಕಿನ ಜೋಳದ ಹೊಲ, ಉಳಿದ 2 ಎಕರೆ ಬೇಲಿ, ದಾರಿ, ಬೀಳು. ಅಡಿಕೆ ಗಿಡಗಳ ನಡುವೆ 9 ಅಡಿ. ಅಲ್ಲಿ ಬೆನ್ನಿನ ಕ್ಯಾನೇ ಗತಿ. ತೆಂಗಿನ ಸಾಲುಗಳ ನಡುವೆ 25ರಿಂದ 30 ಅಡಿ ಇರುವುದರಿಂದ ಸಣ್ಣ ಟ್ರ್ಯಾಕ್ಟರ್ ಓಡಾಡುತ್ತದೆ, ಆದರೆ 12 ಮೀಟರ್ ಅಗಲದ ಬೂಮ್ (ಟ್ರ್ಯಾಕ್ಟರಿಗೆ ಅಡ್ಡಲಾಗಿ ಚಾಚಿದ, ಸಾಲಾಗಿ ನಾಜಲ್ ಇರುವ ಉದ್ದನೆಯ ತೋಳು) ತೂರುವುದಿಲ್ಲ. ಬೂಮ್ ಏನಿದ್ದರೂ ಬಯಲು ಹೊಲಕ್ಕೆ.

ಒಬ್ಬ ಆಳು ಎಷ್ಟು ಮುಗಿಸಬಲ್ಲ ಎನ್ನುವುದನ್ನೂ ಲೆಕ್ಕ ಹಾಕಿ. ಗಂಟೆಗೆ 3 ಕಿ.ಮೀ. ನಡಿಗೆ, 1 ಮೀಟರ್ ಅಗಲದ ಪಟ್ಟಿ ಎಂದರೆ ಒಂದು ಎಕರೆ ನಡೆದು ಮುಗಿಸಲು 80 ನಿಮಿಷ. ಎಕರೆಗೆ 120 ಲೀಟರ್ ನೀರಾದರೆ 16 ಲೀಟರಿನ ಕ್ಯಾನು ಏಳೆಂಟು ಸಲ ತುಂಬಬೇಕು. ತುಂಬಿ, ಬೆರೆಸಿ, ಮತ್ತೆ ಹೊತ್ತುಕೊಳ್ಳಲು ಸಲಕ್ಕೆ 5 ನಿಮಿಷ ಹಿಡಿದರೂ ಎಕರೆಗೆ ಎರಡು ಗಂಟೆ. ಗಾಳಿ ಜೋರಾಗದ ಹೊತ್ತು ದಿನಕ್ಕೆ ಐದಾರು ಗಂಟೆ ಸಿಕ್ಕರೆ ಹೆಚ್ಚು. ಒಬ್ಬನಿಂದ ಎರಡೂವರೆ, ಮೂರು ಎಕರೆ, ಅಷ್ಟೆ. 3 ಎಕರೆ ಅಡಿಕೆಗೆ ಇದು ಸಾಲುತ್ತದೆ. 8 ಎಕರೆ ತೆಂಗಿಗೆ ಹೋದರೆ ಮೂರನೆಯ ದಿನ ಆಳು ಬರುವುದಿಲ್ಲ: ತುಂಬಿದ ಕ್ಯಾನು ಇಪ್ಪತ್ತು ಕಿಲೋ ದಾಟುತ್ತದೆ.

ಬೆನ್ನಿನ ಕ್ಯಾನು

ಕೈಪಂಪಿನದೋ ಬ್ಯಾಟರಿಯದೋ ಎಂದರೆ ಈ ಅಳತೆಯ ಜಮೀನಿಗೆ ಬ್ಯಾಟರಿಯದೇ ಸರಿ. ಆದರೆ ವೇಗ ಕಡಿಮೆ ಮಾಡುವ ತಿರುಪು ಇರಲೇಬೇಕು. ಅದಿಲ್ಲದ ಕ್ಯಾನು ಪೂರ್ತಿ ಒತ್ತಡದಲ್ಲಿ ಹೊಡೆದು ಕಳೆನಾಶಕವನ್ನು ಹೊಗೆ ಮಾಡುತ್ತದೆ. ಲೆಡ್ ಬ್ಯಾಟರಿ ಅಗ್ಗ, ಆದರೆ ಇಳಿದ ಚಾರ್ಜಿನಲ್ಲಿ ಮೂರು ತಿಂಗಳು ಮೂಲೆಯಲ್ಲಿಟ್ಟರೆ ಸತ್ತಿತೆಂದೇ ಲೆಕ್ಕ. ಕೆಲಸವಿಲ್ಲದಾಗಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಲಿಥಿಯಂ ಹಗುರ, ಇಟ್ಟಲ್ಲೇ ಚಾರ್ಜ್ ಬೇಗ ಇಳಿಯುವುದಿಲ್ಲ. ಬ್ಯಾಟರಿ ಇಳಿಯುತ್ತ ಬಂದಂತೆ ನಾಜಲ್‌ನಿಂದ ಬರುವ ನೀರೂ ಇಳಿಯುತ್ತದೆ, ಆಳು ಮಾತ್ರ ಅದೇ ವೇಗದಲ್ಲಿ ನಡೆಯುತ್ತಾನೆ. ಬೆಳಿಗ್ಗೆ ಹೊಡೆದಲ್ಲಿ ಕಳೆ ಸತ್ತು ಸಂಜೆ ಹೊಡೆದಲ್ಲಿ ಹಸಿರಾಗಿಯೇ ಉಳಿದಿದ್ದರೆ ಔಷಧಿಯನ್ನು ಬೈಯುವ ಮುಂಚೆ ಬ್ಯಾಟರಿ ನೋಡಿ.

ಔಷಧಿಯನ್ನು ಮಂಜು ಮಾಡಿ ಊದುವ ಎಂಜಿನ್ನಿನ ಮಿಸ್ಟ್ ಬ್ಲೋವರ್ ಕಳೆ ಕೆಲಸಕ್ಕೆ ಬೇಡವೇ ಬೇಡ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ, ಹೆಚ್ಚು ಒತ್ತಡದ ಎಚ್‌ಟಿಪಿ ಪಂಪು ಮತ್ತು ಗನ್ನು ಕೂಡ ಹಾಗೆಯೇ.

ತೆಂಗಿನ ತೋಟಕ್ಕೆ ಟ್ಯಾಂಕು, ಪೈಪು

200 ಲೀಟರಿನ ಡ್ರಮ್ಮು, 12 ವೋಲ್ಟಿನ ಡಯಾಫ್ರಾಮ್ ಪಂಪು, 50 ಮೀಟರ್ ಪೈಪು, ತುದಿಗೆ ಟ್ರಿಗರ್ ಇರುವ ಕೋಲು. ಇಷ್ಟನ್ನು ಮಿನಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿಟ್ಟು ಪಂಪಿಗೆ ಟ್ರ್ಯಾಕ್ಟರ್ ಬ್ಯಾಟರಿಯಿಂದಲೇ ಕರೆಂಟು ಕೊಡಬಹುದು. ತೆಂಗಿನ ಸಾಲಿಗೂ ಬೇಲಿಗೂ ನಮ್ಮ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. ಬೆನ್ನಿಗೆ ಭಾರವಿಲ್ಲ, ಪದೇ ಪದೇ ತುಂಬುವ ಗೋಜಿಲ್ಲ. ಇದರಲ್ಲಿ ಎಲ್ಲರೂ ಮರೆಯುವುದು ಪೈಪಿನೊಳಗಿನ ನೀರು. 8.5 ಮಿ.ಮೀ. ಪೈಪು 50 ಮೀಟರಿಗೆ ಎರಡೂಮುಕ್ಕಾಲು ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ. ನಿನ್ನೆ ತೊಳೆದು ಇಟ್ಟಿದ್ದರೆ ಇವತ್ತಿನ ಮೊದಲ ಎರಡೂಮುಕ್ಕಾಲು ಲೀಟರ್ ಬರೀ ನೀರು. ತೊಳೆಯದೆ ಇಟ್ಟಿದ್ದರೆ ನಿನ್ನೆಯ ಔಷಧಿ. ಎಷ್ಟು ಬೇಕೋ ಅಷ್ಟೇ ಉದ್ದದ ಪೈಪು ಕೊಳ್ಳಿ.

ಬೂಮ್ ಕೊಳ್ಳಬೇಕೇ?

12 ಮೀಟರ್ ಬೂಮ್ ಗಂಟೆಗೆ 5 ಕಿ.ಮೀ. ವೇಗದಲ್ಲಿ ಹೋದರೆ ನಿಂತು ತಿರುಗುವ ಹೊತ್ತು ಬಿಟ್ಟು ಗಂಟೆಗೆ ಸುಮಾರು 15 ಎಕರೆ. ನಮ್ಮ 7 ಎಕರೆಗೆ ಅರ್ಧ ಗಂಟೆಯ ಕೆಲಸ. ಅರ್ಧ ಗಂಟೆಗಾಗಿ ಯಂತ್ರ ಕೊಂಡು ವರ್ಷವಿಡೀ ಶೆಡ್ಡಿನಲ್ಲಿ ನಿಲ್ಲಿಸುವುದಕ್ಕಿಂತ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದ ತರುವುದೇ ಮೇಲು. ಬಯಲು ಜಮೀನೇ 30–40 ಎಕರೆ ಇರುವವರು ಕೊಳ್ಳಲಿ. ಕೊಳ್ಳುವವರು ಪಂಪಿನ ಲೆಕ್ಕ ಹೀಗೆ ನೋಡಬೇಕು: ಅರ್ಧ ಮೀಟರಿಗೊಂದರಂತೆ 24 ನಾಜಲ್, ನಾಜಲ್ಲಿಗೆ ನಿಮಿಷಕ್ಕೆ 0.8 ಲೀಟರ್, ಒಟ್ಟು 19. ಟ್ಯಾಂಕಿನೊಳಗೆ ಔಷಧಿ ಕಲಕಲು ನಿಮಿಷಕ್ಕೆ ಟ್ಯಾಂಕಿನ ಅಳತೆಯ ಶೇ 5, ಅಂದರೆ 400 ಲೀಟರಿಗೆ 20. ಸವೆತಕ್ಕೆಂದು ಐದನೇ ಒಂದು ಭಾಗ ಸೇರಿಸಿದರೆ ನಿಮಿಷಕ್ಕೆ 50 ಲೀಟರಿನ ಆಸುಪಾಸಿನ ಪಂಪು ಬೇಕು. ಅದಕ್ಕಿಂತ ಸಣ್ಣದು ಹಾಕಿದರೆ ಕಲಕುವುದು ನಿಂತು ಅಟ್ರಜಿನ್‌ನಂಥ ಪುಡಿ ಕಳೆನಾಶಕ ತಳಕ್ಕೆ ಕೂರುತ್ತದೆ. ಹೊಲದ ಒಂದು ತುದಿಗೆ ನೀರು, ಇನ್ನೊಂದು ತುದಿಗೆ ಗಸಿ.

ನಾಜಲ್

ಕ್ಯಾನಿನ ಜೊತೆ ಬರುವ ಗುಂಡನೆಯ ಹಾಲೋ ಕೋನ್ ನಾಜಲ್ ಕೀಟಕ್ಕೆ. ಅದನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ಕಳೆಗೆ ಎರಡು ಬಗೆ: ಬೀಸಣಿಗೆಯಂತೆ ಚಪ್ಪಟೆಯಾಗಿ ಬೀಳುವ ಫ್ಲ್ಯಾಟ್ ಫ್ಯಾನ್, ನೀರು ಒಂದು ತುಟಿಗೆ ಬಡಿದು ಅಗಲವಾಗಿ ಬೀಳುವ ಫ್ಲಡ್ ಜೆಟ್. ಒಂದೇ ನಾಜಲ್ ಹಿಡಿದು ಸಾಲಿನಲ್ಲಿ ನಡೆಯುವವರಿಗೆ ಫ್ಲಡ್ ಜೆಟ್ ಸಲೀಸು, ಹನಿಯೂ ದಪ್ಪ. ಬೂಮ್‌ಗೆ 110 ಡಿಗ್ರಿಯ ಫ್ಲ್ಯಾಟ್ ಫ್ಯಾನ್, ಕಳೆಯ ತಲೆಯಿಂದ ಅರ್ಧ ಮೀಟರ್ ಎತ್ತರ. ಈ ಫ್ಯಾನಿನ ಎರಡೂ ಅಂಚಿನಲ್ಲಿ ನೀರು ಕಡಿಮೆ ಬೀಳುವುದರಿಂದ ಒಂದರ ಮೇಲೊಂದು ಹಾಯಬೇಕು. ಬೂಮ್ ತಗ್ಗಿದರೆ ಹೊಲದಲ್ಲಿ ಪಟ್ಟೆ ಪಟ್ಟೆ ಕಳೆ ಉಳಿಯುತ್ತದೆ.

ಬಣ್ಣ ಅಲಂಕಾರಕ್ಕಲ್ಲ. ಐಎಸ್‌ಒ ಅಳತೆಯ ನಾಜಲ್‌ನಲ್ಲಿ ಹಳದಿ 02, ನೀಲಿ 03, ಕೆಂಪು 04. 3 ಬಾರ್‌ನಲ್ಲಿ ನಿಮಿಷಕ್ಕೆ ಕ್ರಮವಾಗಿ 0.8, 1.2, 1.6 ಲೀಟರ್. 5 ಕಿ.ಮೀ. ವೇಗದ ಬೂಮ್‌ನಲ್ಲಿ ಹಳದಿ ಎಕರೆಗೆ 78 ಲೀಟರ್, ನೀಲಿ 117 ಲೀಟರ್ ಹಾಕುತ್ತದೆ. ಬೇರಿಗಿಳಿಯುವ ಗ್ಲೈಫೋಸೇಟ್ ಕಡಿಮೆ ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ತಾಕಿದಲ್ಲಿ ಮಾತ್ರ ಸುಡುವ ಪ್ಯಾರಾಕ್ವಾಟ್‌ಗೆ ಎಲೆ ಪೂರ್ತಿ ನೆನೆಯಬೇಕು, ಎಕರೆಗೆ 200 ಲೀಟರ್ ಬೇಕಾದೀತು. ಹೆಚ್ಚು ನೀರು ಬೇಕೆಂದು ಒತ್ತಡ ಏರಿಸಬೇಡಿ. ನೀರು ಎರಡರಷ್ಟಾಗಲು ಒತ್ತಡ ನಾಲ್ಕರಷ್ಟಾಗಬೇಕು. ನಾಜಲ್ ಬದಲಿಸಿ.

ಎಳೆಯ ಅಡಿಕೆಯ ಹಸಿರು ಕಾಂಡ, ಬಾಳೆ ಕಂದು ಇರುವಲ್ಲಿ ನಾಜಲ್ ಸುತ್ತ ಪ್ಲಾಸ್ಟಿಕ್ ಹುಡ್ ಕಡ್ಡಾಯ.

(2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕ ಮಾತ್ರ ಬಳಸಬೇಕೆಂದು ಆದೇಶ ಹೊರಡಿಸಿತು. ಈಗಿನ ನಿಯಮವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡೇ ಡಬ್ಬಿ ಕೊಳ್ಳಿ; ಯಾವ ಔಷಧಿಯಾದರೂ ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರಿದೆಯೇ ನೋಡಿ.)

ಅಳತೆ ಹಾಕುವುದು

"ಕ್ಯಾನಿಗೆ ಎರಡು ಮುಚ್ಚಳ" ಎಂಬ ಲೆಕ್ಕಕ್ಕೆ ತಳವಿಲ್ಲ, ಏಕೆಂದರೆ ಒಬ್ಬ ಎಕರೆಗೆ ಆರು ಕ್ಯಾನು ಹೊಡೆದರೆ ಇನ್ನೊಬ್ಬ ಹತ್ತು ಹೊಡೆಯುತ್ತಾನೆ. 10 ಮೀಟರಿಗೆ 10 ಮೀಟರ್ ಜಾಗಕ್ಕೆ ನಾಲ್ಕು ಗೂಟ ಹೊಡೆಯಿರಿ. ಕ್ಯಾನಿಗೆ ಬರೀ ನೀರು ಹಾಕಿ ಮಟ್ಟ ಗುರುತಿಸಿ. ದಿನಾ ಹೊಡೆಯುವ ಆಳೇ, ದಿನಾ ನಡೆಯುವ ವೇಗದಲ್ಲೇ ಹೊಡೆಯಲಿ. ಮತ್ತೆ ಗುರುತಿನವರೆಗೆ ಅಳತೆಯ ಜಗ್ಗಿನಿಂದ ನೀರು ತುಂಬಿ. 3 ಲೀಟರ್ ಹಿಡಿದರೆ ಅದಕ್ಕೆ 40ರಿಂದ ಗುಣಿಸಿ: ಎಕರೆಗೆ 120 ಲೀಟರ್, ಏಳೂವರೆ ಕ್ಯಾನು. ಲೇಬಲ್ಲಿನಲ್ಲಿ ಎಕರೆಗೆ 1 ಲೀಟರ್ ಔಷಧಿ ಎಂದಿದ್ದರೆ ಕ್ಯಾನಿಗೆ 133 ಮಿ.ಲೀ. ಆಳು ಬದಲಾದರೆ ಅಥವಾ ನಾಜಲ್ ಬದಲಾದರೆ ಅಳತೆ ಮತ್ತೆ ಮೊದಲಿನಿಂದ.

ಬೂಮ್‌ನಲ್ಲಿ ಪ್ರತಿ ನಾಜಲ್ ಕೆಳಗೆ ಒಂದು ನಿಮಿಷ ಬಾಟಲಿ ಹಿಡಿದು ಅಳೆಯಿರಿ. ಹೊಸ ನಾಜಲ್‌ಗಿಂತ ಶೇ 10ರಷ್ಟು ಹೆಚ್ಚು ಸುರಿದರೆ ಅದು ಸವೆದಿದೆ, ಎಸೆಯಿರಿ. ಹಿತ್ತಾಳೆಯದು ನೋಡಲು ಗಟ್ಟಿ, ಆದರೆ ಬೇಗ ಸವೆಯುವುದೂ ಅದೇ. ಕಟ್ಟಿಕೊಂಡ ನಾಜಲ್‌ಗೆ ತಂತಿ, ಸೂಜಿ ತೂರಿಸಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬಾಯಿಂದ ಊದುವುದಂತೂ ಬೇಡವೇ ಬೇಡ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ.

ಕೆಡುವುದು ಎಲ್ಲಿ

ಕಳೆನಾಶಕದ ಕ್ಯಾನು ಬೇರೆಯೇ ಇರಲಿ. ಮೇಲೆ ಕೆಂಪು ಬಣ್ಣದಲ್ಲಿ "ಕಳೆ" ಎಂದು ದೊಡ್ಡದಾಗಿ ಬರೆಯಿರಿ. 2,4-ಡಿ ಹೊಡೆದ ಕ್ಯಾನಿನ ವಾಷರ್, ಪೈಪುಗಳಲ್ಲಿ ಉಳಿದ ಅಂಶವೇ ಟೊಮೆಟೊ, ಹತ್ತಿ, ದ್ರಾಕ್ಷಿಯ ಎಲೆ ಮುದುರಿಸಲು ಸಾಕು. ಬಾಡಿಗೆ ಬೂಮ್ ಬಂದಾಗ ಹಿಂದಿನವರು ಏನು ಹೊಡೆದಿದ್ದರೆಂದು ಕೇಳಿ, ಹೊಲಕ್ಕಿಳಿಸುವ ಮುಂಚೆ ಮೂರು ಸಲ ತೊಳೆಯಿರಿ.

ಕೆರೆಯ ಕೆಂಪು ನೀರು ಗ್ಲೈಫೋಸೇಟನ್ನೂ ಪ್ಯಾರಾಕ್ವಾಟನ್ನೂ ಕೊಲ್ಲುತ್ತದೆ. ಔಷಧಿ ಮಣ್ಣಿನ ಕಣಕ್ಕೆ ಅಂಟಿಕೊಂಡು ಕಳೆಗೆ ತಲುಪುವುದೇ ಇಲ್ಲ. ಗಡಸು ಬೋರ್‌ವೆಲ್ ನೀರೂ ಗ್ಲೈಫೋಸೇಟ್‌ಗೆ ಶತ್ರು. ಅಂಥ ನೀರಿಗೆ ಮೊದಲು ಲೀಟರಿಗೆ 20 ಗ್ರಾಂ ಅಮೋನಿಯಂ ಸಲ್ಫೇಟ್ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಔಷಧಿ ಬೆರೆಸಿ.

ಕೊಳ್ಳುವ ದಿನ ಅಂಗಡಿಯವರಿಗೆ ಕ್ಯಾನು ತುಂಬಿಸಿ ಒಣ ಸಿಮೆಂಟ್ ನೆಲದ ಮೇಲೆ ನೀರು ಹೊಡೆದು ತೋರಿಸಲು ಹೇಳಿ. ಒದ್ದೆ ಪಟ್ಟಿ ಒಂದೇ ಸಮ ಆರಬೇಕು. ನಡುವೆ ಗೆರೆ ಮಾತ್ರ ತಡವಾಗಿ ಆರಿದರೆ ಅಲ್ಲಿ ನೀರು ಹೆಚ್ಚು ಬೀಳುತ್ತಿದೆ ಎಂದರ್ಥ. ಟ್ರಿಗರ್ ಬಿಟ್ಟ ಮೇಲೂ ತೊಟ್ಟಿಕ್ಕುತ್ತಿದ್ದರೆ ಬೇರೆ ತೆಗೆಸಿ. ವಾಷರ್ ಸೆಟ್ಟು, ಜರಡಿ, ಪ್ರೆಶರ್ ಸ್ವಿಚ್ಚು ಅಲ್ಲೇ ಸಿಗುತ್ತವೆಯೇ ಕೇಳಿ. ಸಬ್ಸಿಡಿ ಬೇಕಿದ್ದರೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಡಿದು ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಬಿಲ್ ಆಮೇಲೆ ಮಾಡಿಸಿ.